ಹಾಯಿದೋಣಿಯ ಹೊಸ ಉಪಕರಣಗಳನ್ನೆಲ್ಲ ನೇರವಾಗಿ ಬ್ಯಾಟರಿಗೆ ಜೋಡಿಸಬಹುದೇ?

ಶರಾವತಿ ಹಿನ್ನೀರಿನ ದೋಣಿಗೆ ಆಳಮಾಪಕ, ಗಾಳಿಮಾಪಕ, ಜಿಪಿಎಸ್ ಮೂರನ್ನೂ ಹಾಕಿಸಬೇಕೆಂದಿದ್ದೀರಿ. ಒಂದೊಂದಕ್ಕೂ ಬ್ಯಾಟರಿಯಿಂದ ಬೇರೆ ತಂತಿ ಎಳೆಯಬೇಡಿ. ಮುಂದೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದರಲ್ಲೇ ಸಾಕಾಗಿಹೋಗುತ್ತದೆ.

ಈಗಿನ ಉಪಕರಣಗಳು ಬಹುತೇಕ ಎನ್‌ಎಂಇಎ 2000 ಎಂಬ ಜಾಲಕ್ಕೆ ಸೇರುತ್ತವೆ. ಅಂದರೆ ಒಂದೇ ಕೇಬಲ್ಲಿನಲ್ಲಿ ವಿದ್ಯುತ್ತೂ ಮಾಹಿತಿಯೂ ಹರಿಯುವ, ದೋಣಿಗಳಿಗೆಂದೇ ಇರುವ ವ್ಯವಸ್ಥೆ. ಉದ್ದಕ್ಕೂ ಒಂದು ಮುಖ್ಯ ಕೇಬಲ್, ಅದರಿಂದ ಪ್ರತಿ ಉಪಕರಣಕ್ಕೆ 6 ಮೀಟರ್ ಮೀರದ ಕವಲು. ಮುಖ್ಯ ಕೇಬಲ್ಲಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಇರಲೇಬೇಕು. ಒಂದನ್ನೇ ಹಾಕಿ ಕೈತೊಳೆದುಕೊಳ್ಳುವವರೇ ಹೆಚ್ಚು. ಆಮೇಲೆ ಪರದೆಯಲ್ಲಿ ಆಳದ ಅಂಕಿ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯವಾಗುತ್ತದೆ. ವಿದ್ಯುತ್ ಪೂರ್ತಿ ತೆಗೆದು, ಕೇಬಲ್ಲಿನೊಳಗಿನ ಬಿಳಿ ಮತ್ತು ನೀಲಿ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. 60 ಓಮ್ ಆಸುಪಾಸು ತೋರಿದರೆ ಸರಿ, 120 ತೋರಿದರೆ ಒಂದು ತುದಿ ಖಾಲಿ ಎಂದರ್ಥ.

ಜಾಲಕ್ಕೆ 12 ವೋಲ್ಟ್ ಒಂದೇ ಕಡೆಯಿಂದ ಕೊಡಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಬರಿಯ ತಾಮ್ರ ಹಸಿರುಗಟ್ಟುತ್ತದೆ. ಆದ್ದರಿಂದ ಮನೆ ವೈರಿಂಗಿನ ತಂತಿ ಬೇಡ, ತವರ ಲೇಪಿಸಿದ ಎಳೆಗಳ ತಂತಿ ತರಿಸಿ.

ಅಂದಹಾಗೆ, ಆಳಮಾಪಕ ನೋಡುವುದು ದೋಣಿಯ ಕೆಳಗನ್ನು, ಮುಂದನ್ನಲ್ಲ. ಲಿಂಗನಮಕ್ಕಿ ನೀರಿನಲ್ಲಿ ಮುಳುಗಿರುವ ಮರದ ಬೊಡ್ಡೆಗಳಿಗೆ ನಿಮ್ಮ ಕಣ್ಣೇ ಬೇಕು.