ಆಟಿಸಂ ಮೊದಲಿಗಿಂತ ಈಗ ಇಷ್ಟು ಹೆಚ್ಚಾಗಿ ಕಾಣಿಸುತ್ತಿರುವುದೇಕೆ?

ಮುಖ್ಯವಾಗಿ, ಆಟಿಸಂ ಎಂದು ಕರೆಯುವುದರ ವ್ಯಾಪ್ತಿಯೇ ಹಿಗ್ಗಿದೆ. ಇದನ್ನು ರಕ್ತಪರೀಕ್ಷೆಯಿಂದಲೋ ಸ್ಕ್ಯಾನಿಂಗ್‌ನಿಂದಲೋ ಪತ್ತೆಹಚ್ಚಲಾಗದು. ಮಾತು, ಒಡನಾಟ, ವರ್ತನೆ ಗಮನಿಸಿ ತಜ್ಞರು ನಿರ್ಧರಿಸುತ್ತಾರೆ. ಹಾಗಾಗಿ ಮಾನದಂಡ ಬದಲಾದರೆ ಲೆಕ್ಕವೂ ಬದಲಾಗುತ್ತದೆ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತ ತಮ್ಮ ಲೇಖನದಲ್ಲಿ ವರ್ಣಿಸಿದ್ದು ಕೇವಲ 11 ಮಕ್ಕಳನ್ನು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5, ಆಸ್ಪರ್ಗರ್ ಸಿಂಡ್ರೋಮನ್ನೂ (ಮಾತು, ಬುದ್ಧಿ ಸರಿಯಿದ್ದರೂ ಒಡನಾಟದಲ್ಲಿ ತೊಡಕಿರುವ ಸ್ಥಿತಿ) ಸೇರಿಸಿ ಎಲ್ಲವನ್ನೂ ಒಂದೇ ‘ಸ್ಪೆಕ್ಟ್ರಮ್’ (ಸೌಮ್ಯದಿಂದ ತೀವ್ರದವರೆಗಿನ ಹರವು) ಎಂದಿತು. ಹಿಂದೆ ‘ಬುದ್ಧಿಮಾಂದ್ಯ’ ಎಂಬ ಹಣೆಪಟ್ಟಿ ಹೊತ್ತವರು, ಬರೀ ‘ವಿಚಿತ್ರ ಸ್ವಭಾವ’ ಎನಿಸಿಕೊಂಡವರು, ಅದರಲ್ಲೂ ಹೆಣ್ಣುಮಕ್ಕಳು, ಈಗ ಲೆಕ್ಕಕ್ಕೆ ಸಿಗುತ್ತಿದ್ದಾರೆ. ಇಡೀ ಏರಿಕೆಗೆ ಇದೊಂದೇ ಕಾರಣ ಎನ್ನಲಾರೆ. ತಡವಾಗಿ ತಂದೆತಾಯಿಯಾಗುವುದು, ತೀರಾ ಅವಧಿಗೆ ಮುನ್ನ ಹುಟ್ಟಿದ ಶಿಶುಗಳೂ ಬದುಕುಳಿಯುತ್ತಿರುವುದು ಸ್ವಲ್ಪ ಪಾಲು ಪಡೆದಿರಬಹುದು. ಲಸಿಕೆಯಂತೂ ಅಲ್ಲ: ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಗುಲ್ಲೆಬ್ಬಿಸಿದ 1998ರ ಲೇಖನ ಬರೀ 12 ಮಕ್ಕಳ ಕುರಿತದ್ದು, 2010ರಲ್ಲಿ ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ತಾನೇ ಅದನ್ನು ಹಿಂಪಡೆಯಿತು.