ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಮಟ್ಟವನ್ನು ‘ಫೇಟಲ್’ಗೆ ಏರಿಸಬಹುದೇ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಲಾಗ್ ಕಡತಗಳಿಂದ ಡಿಸ್ಕ್ ತುಂಬುತ್ತಿದೆ, ಯಾವ ಮಟ್ಟದಿಂದ ಮೇಲಿನ ಸಂದೇಶಗಳನ್ನು ಲಾಗ್‌ಗೆ ಬರೆಯಬೇಕೆಂದು ಹೇಳುವ ‘ಲಾಗ್_ಮಿನ್_ಮೆಸೇಜಸ್’ ಅನ್ನು ಫೇಟಲ್‌ಗೆ ಏರಿಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲಿನಿಂದ ಇರುವ ‘ವಾರ್ನಿಂಗ್’ ಮಟ್ಟವನ್ನೇ ಉಳಿಸಿಕೊಳ್ಳಿ.

ಸರ್ವರ್ ಲಾಗ್‌ನಲ್ಲಿ ಮಟ್ಟಗಳು ಏರುವ ಕ್ರಮ ಹೀಗಿದೆ: ಐದು ಡೀಬಗ್‌ಗಳು, ಇನ್ಫೋ, ನೋಟಿಸ್, ವಾರ್ನಿಂಗ್, ಎರರ್, ಲಾಗ್, ಫೇಟಲ್, ಪ್ಯಾನಿಕ್. ಎರರ್‌ಗಿಂತ ಮೇಲೆ, ಫೇಟಲ್‌ಗಿಂತ ಕೆಳಗೆ ‘ಲಾಗ್’ ಎಂಬ ಮಟ್ಟವೇ ಇದೆ, ನೋಡಿ. ಚೆಕ್‌ಪಾಯಿಂಟ್ (ಮೆಮೊರಿಯಲ್ಲಿನ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆದಿಡುವ ಕೆಲಸ), ನಿಧಾನವಾದ ಕ್ವೆರಿ, ಬೇರೊಬ್ಬರು ಹಿಡಿದಿಟ್ಟ ದತ್ತಾಂಶದ ಲಾಕ್‌ಗಾಗಿ ಕಾಯುತ್ತಿರುವ ಪ್ರೊಸೆಸ್, ಇವುಗಳ ಸುದ್ದಿಯೆಲ್ಲ ಬರುವುದು ಅದೇ ಮಟ್ಟದಲ್ಲಿ. ಫೇಟಲ್ ಎಂದು ಬರೆದರೆ ಅಷ್ಟೂ ಮಾಯ. ತಪ್ಪು ಪಾಸ್‌ವರ್ಡ್ ಕೊಟ್ಟವರ ದೂರು ಮಾತ್ರ ತಪ್ಪದೆ ಬರುತ್ತಿರುತ್ತದೆ, ಏಕೆಂದರೆ ಫೇಟಲ್ ಎಂದರೆ ಒಂದು ಸಂಪರ್ಕ ಕಡಿದುಹೋಯಿತು ಎಂದಷ್ಟೇ ಅರ್ಥ. ಇಡೀ ಸರ್ವರ್‌ನ ಸಂಪರ್ಕಗಳೆಲ್ಲ ಕಡಿಯುವುದು ಪ್ಯಾನಿಕ್ ಆದಾಗ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ನಮ್ಮ ಒಂದು ಸರ್ವರ್‌ನಲ್ಲಿ ಸಂಜೆ ಹೊತ್ತು ಬಿಲ್ ನಮೂದಿಸುವ ಪರದೆ ಹತ್ತು ನಿಮಿಷ ಕದಲುತ್ತಲೇ ಇರಲಿಲ್ಲ. ಲಾಕ್‌ಗಾಗಿ ಹೆಚ್ಚು ಹೊತ್ತು ಕಾದರೆ ಲಾಗ್‌ಗೆ ಬರೆಸುವ ‘ಲಾಗ್_ಲಾಕ್_ವೇಟ್ಸ್’ ಆನ್ ಆಗಿತ್ತು, ಆದರೂ ಕಡತದಲ್ಲಿ ಒಂದು ಸಾಲೂ ಇಲ್ಲ. ಎರಡು ದಿನ ನೆಟ್‌ವರ್ಕ್ ತಡಕಾಡಿದೆವು. ಯಾರೋ ಮಟ್ಟವನ್ನು ಫೇಟಲ್‌ಗೆ ಏರಿಸಿಟ್ಟಿದ್ದರು. ವಾರ್ನಿಂಗ್‌ಗೆ ಇಳಿಸಿ ರೀಲೋಡ್ ಮಾಡಿದ ಸಂಜೆಯೇ ‘ಸ್ಟಿಲ್ ವೇಟಿಂಗ್ ಫಾರ್ ಶೇರ್‌ಲಾಕ್’ ಎಂಬ ಸಾಲು ಬಂತು. ಲಾಕ್ ಹಿಡಿದಿದ್ದ ಪ್ರೊಸೆಸ್‌ನ ಸಂಖ್ಯೆ ಅದರ ಕೆಳಗೇ ಇತ್ತು. ಯಾರೋ ಅಪ್‌ಡೇಟ್ ಮಾಡಿ, ಕಮಿಟ್ ಮಾಡದೆ (ಬದಲಾವಣೆಯನ್ನು ಖಾಯಂಗೊಳಿಸದೆ) ತೆರೆದೇ ಬಿಟ್ಟಿದ್ದ ಒಂದು ಕ್ವೆರಿ ಕಿಟಕಿ!

ನಿಮ್ಮ ಡಿಸ್ಕ್ ತುಂಬಿಸುತ್ತಿರುವುದು ಬಹುಶಃ ಬೇರೆಯೇ. ಯಾವ ಬಗೆಯ ಕ್ವೆರಿಗಳನ್ನು ಬರೆಯಬೇಕೆಂದು ಹೇಳುವ ‘ಲಾಗ್_ಸ್ಟೇಟ್‌ಮೆಂಟ್’ ‘ಆಲ್’ ಎಂದಿದೆಯೇ? ಎಷ್ಟು ಹೊತ್ತು ಹಿಡಿದ ಕ್ವೆರಿಯನ್ನು ಬರೆಯಬೇಕೆಂದು ಹೇಳುವ ‘ಲಾಗ್_ಮಿನ್_ಡ್ಯುರೇಶನ್_ಸ್ಟೇಟ್‌ಮೆಂಟ್’ 0 ಆಗಿದೆಯೇ? ಎರಡರಲ್ಲಿ ಯಾವುದಿದ್ದರೂ ಪ್ರತಿ ಕ್ವೆರಿಯೂ ಕಡತಕ್ಕೆ ಬೀಳುತ್ತದೆ. ಮೊದಲನೆಯದನ್ನು ‘ಡಿಡಿಎಲ್’ (ಟೇಬಲ್ ಮುಂತಾದವುಗಳ ರಚನೆ ಬದಲಿಸುವ ಆದೇಶಗಳು ಮಾತ್ರ) ಮಾಡಿ, ಎರಡನೆಯದಕ್ಕೆ 500 ಮಿಲಿಸೆಕೆಂಡು ಕೊಟ್ಟು ಒಂದು ವಾರ ನೋಡಿ. ಒಂದೇ ‘ಡೂಪ್ಲಿಕೇಟ್ ಕೀ’ (ಈಗಾಗಲೇ ಇರುವ ಕೀಲಿಯನ್ನೇ ಮತ್ತೆ ಸೇರಿಸುವ) ಎರರ್ ಸಾವಿರಾರು ಸಲ ಬರುತ್ತಿದ್ದರೆ ಸರಿಪಡಿಸಬೇಕಾದದ್ದು ಅಪ್ಲಿಕೇಶನ್ನನ್ನು. ‘ಲಾಗ್_ಮಿನ್_ಎರರ್_ಸ್ಟೇಟ್‌ಮೆಂಟ್’ ಎರರ್‌ನಲ್ಲೇ ಇರಲಿ. ಯಾವ ಕ್ವೆರಿ ಮುರಿಯಿತು ಎಂದು ತಿಳಿಯುವುದು ಅದರಿಂದಲೇ.

ಡೀಬಗ್ ಬೇಕೇ ಬೇಕೆಂದರೆ ‘ಆಲ್ಟರ್ ರೋಲ್’ ಮೂಲಕ ಒಬ್ಬ ಬಳಕೆದಾರನಿಗೆ ಮಾತ್ರ ಹಾಕಿ, ಕೆಲಸ ಮುಗಿದೊಡನೆ ತೆಗೆಯಿರಿ.

ಲಾಗ್ ಅನ್ನು ಸಿಸ್‌ಲಾಗ್‌ಗೆ (ಆಪರೇಟಿಂಗ್ ಸಿಸ್ಟಂನ ಲಾಗ್ ವ್ಯವಸ್ಥೆಗೆ) ಕಳುಹಿಸುತ್ತಿದ್ದರೆ ಇನ್ನೊಂದು ಎಚ್ಚರ: ಪೋಸ್ಟ್‌ಗ್ರೆಸ್‌ನ ಎರರ್ ಅಲ್ಲಿ ವಾರ್ನಿಂಗ್ ಆಗಿ, ಫೇಟಲ್ ಎರರ್ ಆಗಿ ಇಳಿಯುತ್ತದೆ. ಎಚ್ಚರಿಕೆಯ ಗಂಟೆಯನ್ನು ಅದಕ್ಕೆ ತಕ್ಕಂತೆ ಕಟ್ಟಿ.