ಆಕ್ಸೆಸ್ ಕ್ವೆರಿಯಲ್ಲಿ ಬಾಕಿ ತಪ್ಪು ಬರುತ್ತಿದೆ, ಫಾರ್ಮ್‌ನಲ್ಲಿ ಟೈಪ್ ಮಾಡಲೂ ಆಗುತ್ತಿಲ್ಲ. ಎಲ್ಲಿ ಎಡವಿದ್ದೇನೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ರಿಪೇರಿ ಕೆಲಸದ ಲೆಕ್ಕಕ್ಕೆ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಜಾಬ್‌ಕಾರ್ಡ್, ಬಿಡಿಭಾಗ, ಪಾವತಿ ಎಂಬ ಮೂರು ಟೇಬಲ್ ಮಾಡಿದ್ದೀರಿ. ಮೂರನ್ನೂ ಒಂದೇ ಕ್ವೆರಿಗೆ (ಟೇಬಲ್‌ಗಳಿಂದ ಬೇಕಾದ ಸಾಲುಗಳನ್ನು ಆರಿಸಿ ಜೋಡಿಸುವ ಸಾಧನ) ಎಳೆದು, ಮೊತ್ತ ಕೂಡಲು ಟೋಟಲ್ಸ್ ಹಾಕಿ, ಅದರ ಮೇಲೆ ಫಾರ್ಮ್ ಕಟ್ಟಿದ್ದೀರಿ. 41ನೇ ಜಾಬ್‌ಗೆ 400 ಬಾಕಿ ಇರಬೇಕಿತ್ತು, ಸೊನ್ನೆ ತೋರಿಸುತ್ತಿದೆ. ಫಾರ್ಮ್ ಒಂದಕ್ಷರವನ್ನೂ ತೆಗೆದುಕೊಳ್ಳುತ್ತಿಲ್ಲ. ಇನ್ನೂ ಹಣ ಕೊಡದವರ ಜಾಬ್‌ಗಳು ಪಟ್ಟಿಯಲ್ಲೇ ಇಲ್ಲ. ತಿಂಗಳ ಕೊನೆಯ ದಿನದ ಪಾವತಿಗಳೂ ಕಾಣುತ್ತಿಲ್ಲ.

ಮೊದಲ ಮೂರು ತೊಂದರೆ ಆ ಒಂದು ಕ್ವೆರಿಯಿಂದಲೇ ಬಂದವು. ನಾಲ್ಕನೆಯದು ಬೇರೆ, ಅದನ್ನು ಕೊನೆಗೆ ನೋಡೋಣ. ಏನನ್ನೂ ಮುಟ್ಟುವ ಮೊದಲು ಫೈಲ್ ಮುಚ್ಚಿ, ಅದರದೊಂದು ನಕಲು ಇಟ್ಟುಕೊಳ್ಳಿ. ಆಕ್ಸೆಸ್‌ನಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಹೋದ ಕೂಡಲೇ ಹಿಂದಿನದು ಸೇವ್ ಆಗಿಬಿಡುತ್ತದೆ. ಸೇವ್ ಮಾಡದೆ ಮುಚ್ಚಿ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಈಗ ಬಾಕಿಯ ಲೆಕ್ಕ. 41ನೇ ಜಾಬ್‌ಗೆ ನೀವು ಕೊಟ್ಟ ಬಿಡಿಭಾಗಗಳು ಮೂರು: 600, 350, 250. ಒಟ್ಟು 1,200. ಪಾವತಿ ಎರಡು ಕಂತು: 500 ಮತ್ತು 300. ಒಟ್ಟು 800. ಬಿಡಿಭಾಗಕ್ಕೂ ಪಾವತಿಗೂ ನೇರ ನಂಟಿಲ್ಲ, ಎರಡರಲ್ಲೂ ಇರುವುದು ಜಾಬ್ ನಂಬರ್ ಮಾತ್ರ. ಹಾಗಾಗಿ ಯಾವ ಪಾವತಿ ಯಾವ ಬಿಡಿಭಾಗದ್ದು ಎಂದು ತಿಳಿಯದ ಕ್ವೆರಿ, ಪ್ರತಿ ಬಿಡಿಭಾಗವನ್ನೂ ಪ್ರತಿ ಪಾವತಿಯ ಜೊತೆ ಕೂಡಿಸುತ್ತದೆ. 3 × 2 = 6 ಸಾಲು. ಪ್ರತಿ ಬಿಡಿಭಾಗ ಎರಡೆರಡು ಸಲ ಬಂದು ಮೊತ್ತ 2,400 ಆಗುತ್ತದೆ. ಪ್ರತಿ ಪಾವತಿ ಮೂರು ಮೂರು ಸಲ ಬಂದು ಅದೂ 2,400. ಕಳೆದರೆ ಸೊನ್ನೆ. ಎರಡು ತಪ್ಪುಗಳು ಸರಿಸಮ ಬಿದ್ದದ್ದರಿಂದ ಈ ಜಾಬ್ ಪೂರ್ತಿ ತೀರಿದಂತೆ ಕಂಡಿತು. ಅನುಮಾನವಿದ್ದರೆ ಡಿಸೈನ್ ವ್ಯೂನಲ್ಲಿ ಸಿಗ್ಮಾ (Σ) ಬಟನ್ ಒತ್ತಿ ಟೋಟಲ್ಸ್ ತೆಗೆಯಿರಿ, ಜಾಬ್ ನಂಬರ್ ಕೆಳಗೆ ಕ್ರೈಟೀರಿಯಾದಲ್ಲಿ 41 ಹಾಕಿ ಓಡಿಸಿ, ಸಾಲು ಎಣಿಸಿ.

ಒಂದೇ ಥರದ ಸಾಲುಗಳಲ್ಲಿ ಒಂದನ್ನಷ್ಟೇ ಉಳಿಸುವ ಯೂನಿಕ್ ವ್ಯಾಲ್ಯೂಸ್ ಅನ್ನು ಯೆಸ್ ಮಾಡಿದರೆ ಸರಿಹೋದೀತೆ ಎಂದು ಕೇಳಿದ್ದೀರಿ. ಬೇಡ. ಒಂದೇ ದರದ ಎರಡು ಬಿಡಿಭಾಗ ನಿಜವಾಗಿಯೂ ಹಾಕಿದ್ದರೆ ಅದು ಒಂದನ್ನು ನುಂಗಬಹುದು, ಜೊತೆಗೆ ಕ್ವೆರಿಯನ್ನು ತಿದ್ದಲು ಬಾರದ ಹಾಗೂ ಮಾಡುತ್ತದೆ.

ಸರಿಯಾದ ದಾರಿ: ಮೊದಲು ಬೇರೆ ಬೇರೆಯಾಗಿ ಕೂಡಿ, ಆಮೇಲೆ ಜೋಡಿಸಿ. ಬಿಡಿಭಾಗ ಟೇಬಲ್ ಒಂದನ್ನೇ ಇಟ್ಟು ಒಂದು ಕ್ವೆರಿ ಮಾಡಿ: ಜಾಬ್ ನಂಬರ್‌ಗೆ ಗ್ರೂಪ್ ಬೈ (ಒಂದೇ ನಂಬರಿನ ಸಾಲುಗಳನ್ನು ಒಂದಾಗಿಸುವುದು), ಪಕ್ಕದ ಕಾಲಮ್‌ನಲ್ಲಿ ಭಾಗಮೊತ್ತ: [ಎಣಿಕೆ]*[ದರ], ಅದರ ಟೋಟಲ್ ಸಾಲಿನಲ್ಲಿ ಸಮ್. ಪಾವತಿಗೂ ಇಂಥದ್ದೇ ಇನ್ನೊಂದು ಕ್ವೆರಿ, ಮೊತ್ತದ ಕಾಲಮ್‌ಗೆ ಪಾವತಿಮೊತ್ತ ಎಂಬ ಹೆಸರು. ಈಗ ಎರಡರಲ್ಲೂ ಒಂದು ಜಾಬ್‌ಗೆ ಒಂದೇ ಸಾಲು. ಮೂರನೇ ಕ್ವೆರಿಯಲ್ಲಿ ಜಾಬ್‌ಕಾರ್ಡ್ ಟೇಬಲ್ ಇಟ್ಟು, ಈ ಎರಡನ್ನೂ ಜಾಬ್ ನಂಬರ್ ಮೇಲೆ ಸೇರಿಸಿ. ಸೇರಿಸುವ ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮೂರು ಆಯ್ಕೆ ಬರುತ್ತವೆ. ಜಾಬ್‌ಕಾರ್ಡ್‌ನ ಎಲ್ಲ ಸಾಲೂ ಬೇಕು ಎನ್ನುವುದನ್ನು ಆರಿಸಿ, ಎರಡೂ ಗೆರೆಗಳಿಗೆ. ಬಾಣದ ತುದಿ ಜಾಬ್‌ಕಾರ್ಡ್‌ನಿಂದ ಹೊರಗೆ ಹೋಗುತ್ತಿರಬೇಕು. ಹಣ ಕೊಡದವರ ಜಾಬ್‌ಗಳು ಮಾಯವಾಗಿದ್ದು ಇಲ್ಲೇ: ಮೊದಲನೇ ಆಯ್ಕೆ ಎರಡೂ ಕಡೆ ಸಾಲಿದ್ದರೆ ಮಾತ್ರ ತೋರಿಸುತ್ತದೆ.

ಇಷ್ಟು ಮಾಡಿಯೂ ಅವು ಮತ್ತೆ ಮಾಯವಾದರೆ, ಮೂರನೇ ಕ್ವೆರಿಯಲ್ಲಿ ಪಾವತಿ ಕಡೆಯ ಕಾಲಮ್ ಕೆಳಗೆ ಏನಾದರೂ ಕ್ರೈಟೀರಿಯಾ ಹಾಕಿದ್ದೀರಾ ನೋಡಿ. ಪಾವತಿಯೇ ಇಲ್ಲದ ಸಾಲಿನಲ್ಲಿ ಅಲ್ಲಿ ನಲ್, ಅಂದರೆ ಸೊನ್ನೆಯೂ ಅಲ್ಲದ ಖಾಲಿ, ಇರುತ್ತದೆ. ನಲ್ ಯಾವ ಹೋಲಿಕೆಗೂ ಹೌದು ಎನ್ನುವುದಿಲ್ಲ, "ಇದಕ್ಕೆ ಸಮವಲ್ಲ" ಎಂದು ಕೇಳಿದರೂ ಸಹ. ಆ ಷರತ್ತು ಒಳಗಿನ ಪಾವತಿ ಕ್ವೆರಿಗೆ ಹೋಗಬೇಕು.

ಬಾಕಿಯ ಕಾಲಮ್: ಬಾಕಿ: ಸಿಕರ್(ಎನ್‌ಝಡ್([ಭಾಗಮೊತ್ತ],0))-ಸಿಕರ್(ಎನ್‌ಝಡ್([ಪಾವತಿಮೊತ್ತ],0)). ಈ ಎರಡು ಫಂಕ್ಷನ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ (CCur, Nz) ಟೈಪ್ ಮಾಡಬೇಕು. ಎನ್‌ಝಡ್ ನಲ್ ಅನ್ನು ಸೊನ್ನೆಯಾಗಿಸುತ್ತದೆ, ಸಿಕರ್ ಬೆಲೆಯನ್ನು ಹಣದ ಸಂಖ್ಯೆಯಾಗಿಸುತ್ತದೆ. ಎನ್‌ಝಡ್ ಇಲ್ಲದಿದ್ದರೆ 1,200ರಿಂದ ನಲ್ ಕಳೆದು ಉತ್ತರವೂ ನಲ್ ಆಗಿ, ಬಾಕಿ ಜಾಗ ಖಾಲಿ ಉಳಿಯುತ್ತದೆ. ಸಿಕರ್ ಯಾಕೆಂದರೆ ಕ್ವೆರಿಯೊಳಗೆ ಎನ್‌ಝಡ್ ಕೊಡುವ ಬೆಲೆ ಕೆಲವೊಮ್ಮೆ ಪಠ್ಯವಾಗಿ ಬಂದು, ವಿಂಗಡಿಸುವಾಗ 1,200 ಎನ್ನುವುದು 400ಕ್ಕಿಂತ ಮೊದಲು ಕೂರುತ್ತದೆ.

ಈ ಮೂರನೇ ಕ್ವೆರಿಯಲ್ಲೂ ಟೈಪ್ ಮಾಡಲಾಗದು, ಮಾಡಲೂ ಬಾರದು. ಗ್ರೂಪ್ ಬೈ ಇರುವ ಕ್ವೆರಿಯ ಒಂದು ಸಾಲು ಟೇಬಲ್‌ನ ಹಲವು ಸಾಲುಗಳ ಮೊತ್ತ. 1,200 ಅನ್ನು 1,300 ಎಂದು ತಿದ್ದಿದರೆ ಮೂರರಲ್ಲಿ ಯಾವ ಸಾಲಿಗೆ 100 ಸೇರಿಸಬೇಕು? ಆಕ್ಸೆಸ್‌ಗೆ ಗೊತ್ತಾಗುವ ಬಗೆ ಇಲ್ಲ. ಅದಕ್ಕೇ ಕೆಳಗಿನ ಪಟ್ಟಿಯಲ್ಲಿ "ದಿಸ್ ರೆಕಾರ್ಡ್‌ಸೆಟ್ ಈಸ್ ನಾಟ್ ಅಪ್‌ಡೇಟಬಲ್" ಎನ್ನುತ್ತದೆ. ಆ ಕ್ವೆರಿಯನ್ನು ನೋಡುವುದಕ್ಕೂ ರಿಪೋರ್ಟ್‌ಗೂ ಇಟ್ಟುಕೊಳ್ಳಿ, ಮಾಹಿತಿ ತುಂಬಲು ಫಾರ್ಮ್ ಬೇರೆ ಮಾಡಿ.

ಫಾರ್ಮ್ ಹೀಗಿರಲಿ: ಮುಖ್ಯ ಫಾರ್ಮ್‌ನ ರೆಕಾರ್ಡ್ ಸೋರ್ಸ್ ಬರೀ ಜಾಬ್‌ಕಾರ್ಡ್ ಟೇಬಲ್. ಅದರೊಳಗೆ ಎರಡು ಸಬ್‌ಫಾರ್ಮ್, ಒಂದು ಬಿಡಿಭಾಗಕ್ಕೆ, ಒಂದು ಪಾವತಿಗೆ. ಎರಡರಲ್ಲೂ ಲಿಂಕ್ ಮಾಸ್ಟರ್ ಫೀಲ್ಡ್ಸ್, ಲಿಂಕ್ ಚೈಲ್ಡ್ ಫೀಲ್ಡ್ಸ್ ಎರಡಕ್ಕೂ ಜಾಬ್ ನಂಬರ್. ಇದು ಖಾಲಿ ಬಿದ್ದರೆ ಎಲ್ಲ ಜಾಬ್‌ಗಳ ಬಿಡಿಭಾಗವೂ ಒಟ್ಟಿಗೆ ಕಾಣುತ್ತದೆ. ಬಾಕಿ ಫಾರ್ಮ್ ಮೇಲೇ ಬೇಕಿದ್ದರೆ ಸಬ್‌ಫಾರ್ಮ್ ಫೂಟರ್‌ನಲ್ಲಿ [ಎಣಿಕೆ]*[ದರ] ಇದರ ಸಮ್ ಇರುವ ಟೆಕ್ಸ್ಟ್ ಬಾಕ್ಸ್ ಇಟ್ಟು, ಮುಖ್ಯ ಫಾರ್ಮ್‌ನಿಂದ ಅದನ್ನು ಓದಿ. ಇಲ್ಲಿ ಎಡವುವ ಜಾಗ ಎರಡು. ಸಮ್ ಒಳಗೆ ಫೀಲ್ಡ್‌ಗಳೇ ಇರಬೇಕು, ಲೆಕ್ಕ ಹಾಕಿದ ಇನ್ನೊಂದು ಟೆಕ್ಸ್ಟ್ ಬಾಕ್ಸ್‌ನ ಹೆಸರು ಕೊಟ್ಟರೆ ನಡೆಯದು. ಮುಖ್ಯ ಫಾರ್ಮ್‌ನಿಂದ ಕರೆಯುವಾಗ ಬೇಕಾದ್ದು ಸಬ್‌ಫಾರ್ಮ್ ಕಂಟ್ರೋಲ್‌ನ ಹೆಸರು. ಅದು ಸೇವ್ ಮಾಡಿದ ಫಾರ್ಮ್‌ನ ಹೆಸರಿಗಿಂತ ಬೇರೆ ಇದ್ದು, ನೀವು ಫಾರ್ಮ್ ಹೆಸರನ್ನೇ ಬರೆದಿದ್ದರೆ #ನೇಮ್? ಬರುತ್ತದೆ. ಇನ್ನೊಂದು, ಟೈಪ್ ಮಾಡುತ್ತಿರುವ ಸಾಲು ಸೇವ್ ಆಗುವವರೆಗೆ ಮೊತ್ತ ಬದಲಾಗುವುದಿಲ್ಲ, ಅದು ದೋಷವಲ್ಲ.

ಹೊಸ ಫಾರ್ಮ್‌ನಲ್ಲೂ ಟೈಪ್ ಆಗದಿದ್ದರೆ ಅದರ ಹಿಂದಿನ ಟೇಬಲ್ ಅಥವಾ ಕ್ವೆರಿಯನ್ನು ನೇರವಾಗಿ ಡೇಟಾಶೀಟ್‌ನಲ್ಲಿ ತೆರೆಯಿರಿ. ಕೊನೆಯಲ್ಲಿ ನಕ್ಷತ್ರ ಗುರುತಿನ ಖಾಲಿ ಸಾಲು ಇಲ್ಲವೆಂದರೆ ತೊಂದರೆ ಅಲ್ಲೇ ಇದೆ, ಫಾರ್ಮ್ ಪ್ರಾಪರ್ಟಿಗಳನ್ನು ಕೆದಕಿ ಸಮಯ ಕಳೆಯಬೇಡಿ. ಅಲ್ಲಿ ಸರಿ ಇದ್ದರೆ ಮಾತ್ರ ಫಾರ್ಮ್‌ನ ಅಲೌ ಎಡಿಟ್ಸ್, ಅಲೌ ಅಡಿಷನ್ಸ್ ನೋಡಿ. ರೆಕಾರ್ಡ್‌ಸೆಟ್ ಟೈಪ್ ಸ್ನ್ಯಾಪ್‌ಶಾಟ್ (ಓದಲು ಮಾತ್ರ) ಆಗಿದೆಯೇ ನೋಡಿ.

ಟೇಬಲ್‌ಗಳ ಬಗ್ಗೆಯೂ ಸ್ವಲ್ಪ. ಜಾಬ್‌ಕಾರ್ಡ್‌ನಲ್ಲಿ ಜಾಬ್ ನಂಬರ್ ಆಟೋನಂಬರ್ ಆಗಿದ್ದರೆ, ಉಳಿದೆರಡರಲ್ಲಿ ಅದು ನಂಬರ್ ಆಗಿದ್ದು ಫೀಲ್ಡ್ ಸೈಜ್ ಲಾಂಗ್ ಇಂಟೀಜರ್ ಇರಬೇಕು. ಟೆಕ್ಸ್ಟ್ ಆಗಿದ್ದರೆ ಜೋಡಿಸುವಾಗ ಟೈಪ್ ಮಿಸ್‌ಮ್ಯಾಚ್. ಅಲ್ಲಿ ಡಿಫಾಲ್ಟ್ ವ್ಯಾಲ್ಯೂ 0 ಇದ್ದರೆ ಅಳಿಸಿ, ರಿಕ್ವೈರ್ಡ್ ಯೆಸ್ ಮಾಡಿ. ಇಲ್ಲದಿದ್ದರೆ ಮುಖ್ಯ ಫಾರ್ಮ್ ತುಂಬದೆ ಸಬ್‌ಫಾರ್ಮ್‌ಗೆ ಇಳಿದವರು ಯಾವ ಜಾಬ್‌ಗೂ ಸೇರದ ಅನಾಥ ಸಾಲು ಬಿಟ್ಟುಹೋಗುತ್ತಾರೆ. ಈಗಾಗಲೇ ಜಾಬ್ ನಂಬರ್ 0 ಆಗಿರುವ ಅಂಥವು ಇದ್ದರೆ ರಿಲೇಷನ್‌ಶಿಪ್ಸ್‌ನಲ್ಲಿ ರೆಫರೆನ್ಷಿಯಲ್ ಇಂಟೆಗ್ರಿಟಿಗೆ (ಜಾಬ್‌ಕಾರ್ಡ್‌ನಲ್ಲಿ ಇಲ್ಲದ ನಂಬರ್ ಬರದಂತೆ ಕಾಯುವ ನಿಯಮ) ಟಿಕ್ ಹಾಕಲು ಬಿಡುವುದಿಲ್ಲ. ಫೈಂಡ್ ಅನ್‌ಮ್ಯಾಚ್ಡ್ ಕ್ವೆರಿ ವಿಜಾರ್ಡ್ ಅವನ್ನು ಹುಡುಕಿಕೊಡುತ್ತದೆ. ಹಾಗೆಯೇ ಕ್ಯಾಸ್ಕೇಡ್ ಡಿಲೀಟ್‌ಗೆ ನಾನಾದರೆ ಟಿಕ್ ಹಾಕುವುದಿಲ್ಲ: ಒಂದು ಜಾಬ್ ಅಳಿಸಿದರೆ ಅದರ ಪಾವತಿ ದಾಖಲೆಗಳೂ ಅಳಿಸಿಹೋಗುತ್ತವೆ.

ಹಣದ ಕಾಲಮ್‌ಗಳಿಗೆ ಕರೆನ್ಸಿ ಬಳಸಿ, ಡಬಲ್ ಬೇಡ. ಡಬಲ್‌ನಲ್ಲಿ ಕಣ್ಣಿಗೆ ಕಾಣದ ಚೂರು ಭಿನ್ನ ಉಳಿದು, "ಬಾಕಿ 0" ಎಂದು ಹುಡುಕಿದಾಗ ತೀರಿದ ಜಾಬ್ ಸಿಗದೇ ಹೋಗಬಹುದು. ದರವನ್ನು ಬಿಡಿಭಾಗದ ಸಾಲಿನಲ್ಲೇ ಉಳಿಸಿರುವುದು ಸರಿ, ನಾಳೆ ಬೆಲೆ ಏರಿದರೂ ಹಳೆಯ ಬಿಲ್ ಬದಲಾಗಬಾರದು. ಆದರೆ ಜಾಬ್‌ಕಾರ್ಡ್‌ನಲ್ಲಿ ಇಟ್ಟಿರುವ ಒಟ್ಟು ಮೊತ್ತದ ಕಾಲಮ್ ತೆಗೆದುಬಿಡಿ, ಬಿಡಿಭಾಗದ ಸಾಲು ತಿದ್ದಿದ ದಿನವೇ ಅದು ಸುಳ್ಳಾಗುತ್ತದೆ.

ಇನ್ನು ಕೊನೆಯ ದಿನದ ಪಾವತಿಗಳು. ಪಾವತಿ ದಿನಾಂಕದ ಡಿಫಾಲ್ಟ್ ಆಗಿ ನೌ() ಹಾಕಿದ್ದೀರಿ, ಅದು ದಿನಾಂಕದ ಜೊತೆ ಗಂಟೆ ನಿಮಿಷವನ್ನೂ ಬರೆಯುತ್ತದೆ. ನಿಮ್ಮ ಬಿಟ್ವೀನ್ ಷರತ್ತು 31ನೇ ತಾರೀಖು ಎಂದರೆ ಅದು ಆ ದಿನ ಶುರುವಾಗುವ ನಡುರಾತ್ರಿ 12 ಗಂಟೆಗೇ ನಿಲ್ಲುತ್ತದೆ, ಬೆಳಗ್ಗೆ 10ಕ್ಕೆ ಬಂದ ಹಣ ಹೊರಗುಳಿಯುತ್ತದೆ. ಡಿಫಾಲ್ಟ್ ಅನ್ನು ಡೇಟ್() ಮಾಡಿ. ಹಳೆಯ ಸಾಲುಗಳು ಹಾಗೇ ಇರುವುದರಿಂದ ಷರತ್ತನ್ನೂ ಬದಲಿಸಿ: >=#2024-03-01# ಮತ್ತು <#2024-04-01#, ನಡುವೆ ಆ್ಯಂಡ್. ವರ್ಷ ಮೊದಲು ಬರೆಯಲು ಕಾರಣವಿದೆ: ಎಸ್‌ಕ್ಯೂಎಲ್ ವ್ಯೂನಲ್ಲಿ #04/03/2024# ಬರೆದರೆ, ಕಂಪ್ಯೂಟರ್ ಸೆಟ್ಟಿಂಗ್ ಏನೇ ಇರಲಿ, ಆಕ್ಸೆಸ್ ಅದನ್ನು ಏಪ್ರಿಲ್ 3 ಎಂದು ಓದುತ್ತದೆ.